ಬೀರೂರು ಜಂಕ್ಷನ್‌ನಲ್ಲಿ ನಿಂತ ಮಗು

ಬೆಂಗಳೂರಿಂದ ಬರೋ ರೈಲು ಕಡೂರು ದಾಟಿ ಬೀರೂರಿಗೆ ಬಂದರೆ ಹಳಿ ಎರಡಾಗುತ್ತೆ. ಒಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೆ, ಇನ್ನೊಂದು ಅಜ್ಜಂಪುರದ ಮೇಲೆ ಹುಬ್ಬಳ್ಳಿಗೆ. ಅಪ್ಪ ತರೀಕೆರೇಲಿ, ಅಮ್ಮ ಅಜ್ಜಂಪುರದಲ್ಲಿ ಬೇರೆ ಬೇರೆ ಇದ್ದರೆ ಮಗು ಎಲ್ಲಿರಬೇಕು? ಇಂಥ ವ್ಯಾಜ್ಯ ಬಂದಾಗ ಕಟ್ಟೆ ಮೇಲಿನ ಹಿರಿಯರು "ಮಗು ಅಪ್ಪನ ಮನೇದು" ಅಂತ ಒಂದೇ ಮಾತಲ್ಲಿ ಮುಗಿಸೋದನ್ನ ಕೇಳಿ ಬೆಳೆದವನು ನಾನು. ಇದು ಬರೀ ಹಳ್ಳಿ ನ್ಯಾಯ ಅಂದ್ಕೊಂಡಿದ್ದೆ. ಹುಡುಕಿ ಓದಿದರೆ ಕಾನೂನಲ್ಲೂ ಹೆಚ್ಚೂಕಮ್ಮಿ ಅದೇ ಇತ್ತು!

ಬ್ರಿಟಿಷರ ಕಾಲದ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಮಗುವಿನ ಹಿತ ನೋಡಬೇಕು ಅಂದಿತ್ತು. ಆದರೆ ಅಪ್ಪ ಬದುಕಿದ್ದು, ಅಯೋಗ್ಯ ಅಂತ ಕೋರ್ಟಿಗೆ ಅನಿಸದಿದ್ದರೆ ಬೇರೆಯವರನ್ನ ಪಾಲಕರಾಗಿ ನೇಮಿಸೋ ಹಾಗಿರಲಿಲ್ಲ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಕಾಯ್ದೆಯೂ ಸಹಜ ಪಾಲಕ ಅಪ್ಪ, ಅವನ "ನಂತರ" ಅಮ್ಮ ಅಂತ ಬರೆಯಿತು. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿ ಹತ್ತಿರ ಇರಬೇಕು ಅಂತ ಸೇರಿಸಿತು. ಅಂದರೆ ಸಾಕೋಕೆ ಅಮ್ಮ, ಸಹಿಗೆ ಅಪ್ಪ!

ಆ "ನಂತರ" ಅನ್ನೋ ಪದವನ್ನ ಲೇಖಕಿ ಗೀತಾ ಹರಿಹರನ್ ಸುಪ್ರೀಂ ಕೋರ್ಟಿಗೆ ಒಯ್ದರು. ಮಗನ ಹೆಸರಲ್ಲಿ ರಿಸರ್ವ್ ಬ್ಯಾಂಕಿನ ಬಾಂಡ್ ಕೊಳ್ಳೋಕೆ ಅವರ ಸಹಿ ಸಾಲದು, ಅಪ್ಪನ ಸಹಿ ಬೇಕು ಅಂದಿದ್ದರು. "ನಂತರ" ಅಂದರೆ ಅಪ್ಪ ಸತ್ತ ಮೇಲೆ ಅಂತಲೇ ಅಲ್ಲ, ಅಪ್ಪ ಮಗುವಿನ ಹೊಣೆ ಹೊರದೇ ಇರುವಾಗಲೂ ಅಮ್ಮ ಪಾಲಕಿ ಅಂತ 1999ರಲ್ಲಿ ಕೋರ್ಟು ಅರ್ಥ ಹೇಳಿತು. ಒಂದು ಪದ ಬಿಡಿಸೋಕೆ 43 ವರ್ಷ ಹಿಡೀತು ನೋಡಿ.

ನಮ್ಮ ಕರ್ನಾಟಕ ಹೈಕೋರ್ಟ್ 2013ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಒಂದು ಪ್ರಕರಣದಲ್ಲಿ ಜನವರಿಯಿಂದ ಜೂನ್ ತನಕ ಮಗು ಅಪ್ಪನ ಹತ್ತಿರ, ಜುಲೈಯಿಂದ ಡಿಸೆಂಬರ್ ತನಕ ಅಮ್ಮನ ಹತ್ತಿರ. ಶನಿವಾರ, ಭಾನುವಾರ ಇನ್ನೊಬ್ಬರು ನೋಡಬಹುದು. ಓದಿನ ಖರ್ಚು ಸಮಪಾಲು. 2015ರಲ್ಲಿ ಕಾನೂನು ಆಯೋಗ ಜಂಟಿ ಪಾಲನೆ ಬಗ್ಗೆ ಕೊಟ್ಟ 257ನೇ ವರದಿಯಲ್ಲಿ ಈ ತೀರ್ಪಿನ ಪ್ರಸ್ತಾಪ ಇದೆ.

ನಾನು ಸಾಫ್ಟ್‌ವೇರ್‌ನವನು, ವೇಳಾಪಟ್ಟಿ ಕಂಡ್ರೆ ತೂಗಿ ನೋಡೋ ಚಾಳಿ. ಆರಾರು ತಿಂಗಳು, ಲೆಕ್ಕ ಸರಿ. ಆದರೆ ನಮ್ಮ ಶಾಲೆಗಳು ಶುರುವಾಗೋದೇ ಮೇ ಕೊನೆ, ಜೂನ್ ಹೊತ್ತಿಗೆ. ಹೊಸ ಕ್ಲಾಸಿಗೆ ಹೊಂದಿಕೊಳ್ಳೋ ಹೊತ್ತಿಗೆ ಮನೆ ಬದಲು. ವಾರ್ಷಿಕ ಪರೀಕ್ಷೆ, ಬೇಸಿಗೆ ರಜೆ ಎರಡೂ ಒಬ್ಬರಿಗೆ. ದಸರಾ, ದೀಪಾವಳಿ ಇನ್ನೊಬ್ಬರಿಗೆ. ಎರಡು ಮನೆ ಒಂದೇ ಊರಲ್ಲಿದ್ದರೆ ಹೇಗೋ ನಡೆಯುತ್ತೆ. ಒಂದು ತರೀಕೆರೆ, ಒಂದು ಅಜ್ಜಂಪುರ ಆದರೆ ಶಾಲೆ ಯಾವ ಊರದ್ದು? ಕನ್ನಡ ಮೀಡಿಯಮ್ಮೋ ಇಂಗ್ಲಿಷೋ ಅಂತ ತೀರ್ಮಾನಿಸೋರು ಯಾರು? ಜಗಳ ಉಳಿಯೋದು ಇಲ್ಲೇ.

ತಿಳಿವಳಿಕೆ ಬಂದ ಮಗುವಾದರೆ ಅದರ ಇಷ್ಟವನ್ನೂ ಕೋರ್ಟು ಪರಿಗಣಿಸಬಹುದು ಅಂತ ಅದೇ ಹಳೇ 1890ರ ಕಾಯ್ದೆಯಲ್ಲಿದೆ. ನಮ್ಮ ಕಟ್ಟೆ ಮೇಲೆ ಮಾತ್ರ ಮಗುವನ್ನ ಯಾರೂ ಕೇಳಿದ್ದು ನಾನು ನೋಡಲಿಲ್ಲ.