ಮುಷ್ಟಿ ಬಿಡಿಸುವ ಮೊದಲು

ಇಬ್ಬರು ಹುಡುಗರನ್ನು ಎದುರುಬದುರು ನಿಲ್ಲಿಸಿ ಒಬ್ಬನ ಕೈಗೆ ಚೆಂಡು ಕೊಡುತ್ತಾರೆ. ಇನ್ನೊಬ್ಬನಿಗೆ ಹೇಳುವುದು ಇಷ್ಟೇ: 30 ಸೆಕೆಂಡಿನೊಳಗೆ ಅವನ ಮುಷ್ಟಿಯಿಂದ ಅದನ್ನು ತೆಗೆದುಕೋ. ಬೆರಳು ಬಿಡಿಸುವುದು, ಮಣಿಕಟ್ಟು ತಿರುಚುವುದು, ನೆಲಕ್ಕೆ ಕೆಡಹುವುದು ಶುರುವಾಗುತ್ತದೆ. ಚೆಂಡು ಕೈ ಬದಲಾದರೂ ಮತ್ತದೇ ಗುದ್ದಾಟ. ಎಲ್ಲರೂ ಏದುಸಿರು ಬಿಡುತ್ತ ಕೂತಾಗ ಮುಂದಾಳು ಕೇಳುತ್ತಾನೆ, ‘ಕೊಡು ಅಂತ ಯಾರೂ ಯಾಕೆ ಕೇಳಲಿಲ್ಲ?’ ಕೇಳಿದರೆ ಕೊಡುತ್ತಿರಲಿಲ್ಲ, ಪುಕ್ಕಲ ಅಂದುಕೊಳ್ಳುತ್ತಿದ್ದ ಎಂಬ ಉತ್ತರ ಬರುತ್ತದೆ. ಪಕ್ಕದವನನ್ನು ವಿಚಾರಿಸಿದರೆ, ಬರೀ ಚೆಂಡು ತಾನೇ, ಕೊಡುತ್ತಿದ್ದೆ ಎನ್ನುತ್ತಾನೆ.

ಶಿಕಾಗೊ ನಗರದ ಬಡ ಬಡಾವಣೆಗಳ ಹುಡುಗರಿಗಾಗಿ ‘ಯೂತ್ ಗೈಡೆನ್ಸ್’ ಸಂಸ್ಥೆ ನಡೆಸುವ ‘ಬಿಕಮಿಂಗ್ ಎ ಮ್ಯಾನ್’ ಕಾರ್ಯಕ್ರಮದ ಪಾಠಗಳಲ್ಲಿ ಇದೊಂದು. ಪಠ್ಯದಾಚೆ ಮಕ್ಕಳಿಗೆ ಯೋಚಿಸುವ ರೂಢಿ ಹತ್ತಿಸಬೇಕೆಂಬ ಪ್ರಯತ್ನ ಈ ಮುಷ್ಟಿಯವರೆಗೆ ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು.

ಕಥೆ ಶುರುವಾಗುವುದೂ ಅದೇ ಊರಿನಲ್ಲಿ. 1889ರಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ವಲಸೆಗಾರರ ಕೇರಿಯಲ್ಲಿ ‘ಹಲ್ ಹೌಸ್’ ತೆರೆದರು. ಮಕ್ಕಳ ಕ್ಲಬ್ಬು, ಸಂಜೆಯ ತರಗತಿ, ವಾದಸಭೆಗಳು ಅಲ್ಲಿ ನಡೆಯುತ್ತಿದ್ದವು. ಅಲ್ಲಿಗೆ ಹೋಗಿಬರುತ್ತಿದ್ದ ತತ್ತ್ವಜ್ಞಾನಿ ಜಾನ್ ಡ್ಯೂಯಿ 1910ರಲ್ಲಿ ‘ಹೌ ವಿ ಥಿಂಕ್’ ಬರೆದ. ಗೊಂದಲದಿಂದ ಯೋಚನೆ ಹುಟ್ಟುತ್ತದೆ, ತೀರ್ಮಾನವನ್ನು ತುಸು ಹೊತ್ತು ತಡೆದಿಟ್ಟುಕೊಳ್ಳಲು ಕಲಿಯಬೇಕು ಎಂಬುದು ಅವನ ವಾದ. ಪುಸ್ತಕ ಮೇಷ್ಟ್ರುಗಳ ಕೈಗೆ ಹೋಗಿ ಶಾಲೆಯ ಪಾಲಾಯಿತು. ಸಂಜೆಯ ಕ್ಲಬ್ಬುಗಳು ತಮ್ಮ ಪಾಡಿಗೆ ತಾವು ನಡೆದವು.

ಶಾಲೆಯ ಹೊರಗೆ ಯೋಚನೆಯನ್ನೇ ಕಸುಬು ಮಾಡಿಕೊಂಡವರು ಸೋವಿಯತ್ ರಷ್ಯಾದ ‘ಗಣಿತ ವೃತ್ತ’ಗಳವರು, ಅಂದರೆ ಮಕ್ಕಳ ಗಣಿತ ಕೂಟಗಳವರು. 1934ರಲ್ಲಿ ಲೆನಿನ್‌ಗ್ರಾಡ್, 1935ರಲ್ಲಿ ಮಾಸ್ಕೋ ಶಾಲಾಮಕ್ಕಳ ಗಣಿತ ಒಲಿಂಪಿಯಾಡ್ ನಡೆಸಿದವು. ಮಾಸ್ಕೋ ವಿಶ್ವವಿದ್ಯಾಲಯದ ವೃತ್ತಗಳಲ್ಲಿ ಮೊದಮೊದಲು ಉಪನ್ಯಾಸಗಳದ್ದೇ ಕಾರುಬಾರು. ಡೇವಿಡ್ ಶ್ಕ್ಲಾರ್ಸ್ಕಿ ಎಂಬ ಯುವಕ ಅದನ್ನು ತಿರುಗಿಸಿ, ಮಕ್ಕಳೇ ಲೆಕ್ಕ ಬಿಡಿಸಿ ಎದ್ದು ನಿಂತು ವಿವರಿಸುವಂತೆ ಮಾಡಿದ. 1942ರಲ್ಲಿ, ಇನ್ನೂ ಇಪ್ಪತ್ತರ ಪ್ರಾಯದಲ್ಲೇ ಯುದ್ಧದಲ್ಲಿ ಸತ್ತ. ವೃತ್ತಗಳು ಅವನ ದಾರಿಯನ್ನೇ ಹಿಡಿದವು.

ಒಲಿಂಪಿಯಾಡ್ ಶುರುವಾದ ದಶಕದಲ್ಲೇ, 1938ರಲ್ಲಿ, ಬೆಂಗಳೂರಿನ ಚಾಮರಾಜಪೇಟೆಯಲ್ಲಿ ‘ಸರಸ್ವತಿ’ ಪತ್ರಿಕೆಯ ಆರ್. ಕಲ್ಯಾಣಮ್ಮ ಮಕ್ಕಳ ಕೂಟ ಕಟ್ಟಿದರು. ಚಿಂತನೆಯ ತರಬೇತಿ ಎಂದು ಆಗ ಯಾರೂ ಅದನ್ನು ಕರೆಯಲಿಲ್ಲ. ಕರೆಯದಿದ್ದದ್ದು ಒಳ್ಳೆಯದೇ ಆಯಿತೇನೋ.

1974ರಲ್ಲಿ ಮ್ಯಾಥ್ಯೂ ಲಿಪ್‌ಮನ್ ನ್ಯೂಜೆರ್ಸಿಯ ಮಾಂಟ್‌ಕ್ಲೇರ್‌ನಲ್ಲಿ ಮಕ್ಕಳಿಗೆ ತತ್ತ್ವಶಾಸ್ತ್ರ ಕಲಿಸುವ ಸಂಸ್ಥೆ ತೆರೆದ. ಅದರ ಬೆಳವಣಿಗೆ ಹೆಚ್ಚಾಗಿ ತರಗತಿಯೊಳಗೇ ಆದ್ದರಿಂದ ಇಲ್ಲಿ ಅದನ್ನು ಬೆಳೆಸುವುದಿಲ್ಲ. ನನಗೆ ಇಡೀ ಕ್ಷೇತ್ರದಲ್ಲಿ ಅತಿ ಜಾಣ ಪ್ರಯೋಗ ಅನಿಸುವುದು ಮನಶ್ಶಾಸ್ತ್ರಜ್ಞ ಮೈಕೆಲ್ ಕೋಲ್ 1980ರ ದಶಕದಲ್ಲಿ ಸ್ಯಾನ್ ಡಿಯೇಗೊ ಬಳಿ ಆರಂಭಿಸಿದ ‘ಫಿಫ್ತ್ ಡೈಮೆನ್ಷನ್’. ಕೋಲ್ ಮಾಸ್ಕೋದಲ್ಲಿ ಸೋವಿಯತ್ ಮನಶ್ಶಾಸ್ತ್ರಜ್ಞ ಲೂರಿಯಾ ಬಳಿ ಕಲಿತವನು, ಲೂರಿಯಾನ ಜೊತೆಗಾರ ವೈಗಾಟ್‌ಸ್ಕಿಯ ಬರಹಗಳನ್ನು ಇಂಗ್ಲಿಷಿಗೆ ತಂದವರಲ್ಲೊಬ್ಬ. ಸಂಜೆ ಮಕ್ಕಳು ಬರುತ್ತಾರೆ, ಚಕ್ರವ್ಯೂಹದಂಥ ಕೋಣೆಗಳ ಮಾದರಿಯೊಂದರಲ್ಲಿ ತಮ್ಮ ಬೊಂಬೆಯನ್ನು ನಡೆಸುತ್ತಾರೆ. ಪ್ರತಿ ಕೋಣೆಯಲ್ಲೂ ಆಟಗಳು, ಹೆಚ್ಚಿನವು ಕಂಪ್ಯೂಟರಿನಲ್ಲಿ. ಪಕ್ಕದಲ್ಲಿ ಕಾಲೇಜಿನ ವಿದ್ಯಾರ್ಥಿ. ಅವನಿಗೂ ಆ ಆಟ ಬರಬೇಕೆಂದೇನಿಲ್ಲ. ಇದರ ಮೇಲೆ ಒಬ್ಬ ಮಾಂತ್ರಿಕ. ಕಣ್ಣಿಗೆ ಬೀಳದ, ಗಂಡೋ ಹೆಣ್ಣೋ ತಿಳಿಯದ ಆ ಮಾಂತ್ರಿಕ ಪತ್ರಕ್ಕೆ ಮಾತ್ರ ಉತ್ತರಿಸುತ್ತಾನೆ, ಉತ್ತರಿಸುತ್ತಾಳೆ. ಮೇಲಿನ ಹಂತಕ್ಕೆ ಏರಬೇಕಾದರೆ ಹೇಗೆ ಆಡಿದೆ, ಎಲ್ಲಿ ಸಿಕ್ಕಿಕೊಂಡೆ ಎಂದು ಮಗು ಬರೆಯಬೇಕು. ನಿಯಮ ಮಾಡಿದ್ದು ಮಾಂತ್ರಿಕ, ಯಂತ್ರ ಕೆಟ್ಟರೆ ಬೈಸಿಕೊಳ್ಳುವುದೂ ಮಾಂತ್ರಿಕನೇ. ಹೀಗೆ ದೊಡ್ಡವರು ಗುರುಪೀಠದಿಂದ ಇಳಿದು ಮಗುವಿನ ಜೊತೆಗಾರರಾದರು. ಇಷ್ಟಾದರೂ ಗ್ರಂಥಾಲಯದಲ್ಲಿ ಆರಂಭಿಸಿದ ಕೇಂದ್ರ ಮುಚ್ಚಿಹೋಯಿತು, ಮಕ್ಕಳ ಕ್ಲಬ್ಬಿನದು ಉಳಿಯಿತು. ಒಳ್ಳೆಯ ಪ್ರಯೋಗಕ್ಕೆ ನೆಲೆ ಕೊಡುವವರು ಯಾರೆಂಬ ಪ್ರಶ್ನೆ ಕೋಲ್‌ನನ್ನು ಕಾಡಿತು.

ಆಮೇಲೆ ದುಡ್ಡು ಬಂತು. ಶಾಲೆ ಬಿಟ್ಟ ಮೇಲಿನ ಕೇಂದ್ರಗಳಿಗೆ ಅಮೆರಿಕದ ಕೇಂದ್ರ ಸರ್ಕಾರ 1998ರಲ್ಲಿ ಕೊಟ್ಟದ್ದು 4 ಕೋಟಿ ಡಾಲರ್. 2002ರ ಹೊತ್ತಿಗೆ ಅದು 100 ಕೋಟಿ. ದುಡ್ಡಿನ ಹಿಂದೆ ಲೆಕ್ಕ ಕೇಳುವವರು ಬಂದರು. 2003ರ ರಾಷ್ಟ್ರೀಯ ಮೌಲ್ಯಮಾಪನ, ಅಂಕಗಳು ಅಷ್ಟೇನೂ ಏರಿಲ್ಲ ಎಂದಿತು. ಅದರಿಂದ ಸಂಜೆಯೂ ಪಾಠದ ಹೊತ್ತಾಗುವ ಒತ್ತಡ ಹೆಚ್ಚಿತು. ಹೇಳಬೇಕೆ, ನಮ್ಮೂರ ಟ್ಯೂಷನ್ ಮನೆಗಳು ಇದನ್ನು ಯಾವ ಸಂಶೋಧನೆಯೂ ಇಲ್ಲದೆ ಸಾಧಿಸಿವೆ. 2010ರಲ್ಲಿ ಸಂಶೋಧಕರಾದ ಡರ್ಲಾಕ್, ವೈಸ್‌ಬರ್ಗ್ ಮತ್ತು ಪಚಾನ್ ಶಾಲೆ ಬಿಟ್ಟ ಮೇಲಿನ ಹತ್ತಾರು ಕಾರ್ಯಕ್ರಮಗಳ ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಹಂತಹಂತವಾಗಿ, ಮಕ್ಕಳ ಕೈಯಿಂದ ಮಾಡಿಸುತ್ತ, ಇಂಥದ್ದೇ ಕೌಶಲವೆಂದು ಗುರಿಯಿಟ್ಟು ಅದಕ್ಕಾಗಿಯೇ ಹೊತ್ತು ಮೀಸಲಿಟ್ಟಲ್ಲಿ ಫಲ ಕಂಡಿತು. ಉಳಿದ ಕಡೆ ಹೇಳಿಕೊಳ್ಳುವಂಥದ್ದೇನೂ ಇರಲಿಲ್ಲ.

ಮೊದಲು ಹೇಳಿದ ಶಿಕಾಗೊ ಕಾರ್ಯಕ್ರಮದ್ದೂ ಇದೇ ಹಾದಿ. ವಾರಕ್ಕೊಂದು ಗಂಟೆಯ ಕೂಟ ಶಾಲೆಯ ವೇಳೆಯಲ್ಲಿ. 2009–10ರ ಅಧ್ಯಯನದಲ್ಲಿ ಇದಕ್ಕೆ ಶಾಲೆ ಬಿಟ್ಟ ಮೇಲಿನ ಆಟವೂ ಸೇರಿತ್ತು. 18 ಶಾಲೆಗಳ 2,740 ಹುಡುಗರಲ್ಲಿ ಯಾರಿಗೆ ಅವಕಾಶ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರು. ಇದರಲ್ಲೂ ಆಮೇಲಿನ ಇನ್ನೊಂದು ಅಧ್ಯಯನದಲ್ಲೂ ಭಾಗವಹಿಸಿದವರ ಹಿಂಸಾಪರಾಧದ ಬಂಧನಗಳು ಕಾರ್ಯಕ್ರಮದ ಅವಧಿಯಲ್ಲಿ ಶೇ 45ರಿಂದ 50ರಷ್ಟು ಇಳಿದವು. ಜಗಳವಾಡಬೇಡ ಎಂದು ಅಲ್ಲಿ ಯಾರೂ ಉಪದೇಶ ಮಾಡುತ್ತಿರಲಿಲ್ಲ. ಬೀದಿಯಲ್ಲಿ ತಿರುಗಿಬೀಳದಿದ್ದರೆ ನಾಳೆಯೂ ಸುಲಿಯುತ್ತಾರೆ ಎಂಬುದು ಆ ಹುಡುಗರಿಗೆ ಅನುಭವದಿಂದ ಗೊತ್ತು. ತರಗತಿಯಲ್ಲಿ ಮೇಷ್ಟ್ರು ಕೂತ್ಕೋ ಎಂದಾಗಲೂ ಅದೇ ಮುಷ್ಟಿ ತಾನಾಗಿ ಬಿಗಿಯಾಗುವುದು ತೊಡಕು. ಇದು ಬೀದಿಯೋ ಶಾಲೆಯೋ ಎಂದು ಒಂದು ಕ್ಷಣ ನೋಡಿಕೊಳ್ಳುವುದಷ್ಟೇ ಪಾಠ. ಡ್ಯೂಯಿ ಹೇಳಿದ ತಡೆ ಇದೇ. ಆದರೆ ಮೊದಲ ಅಧ್ಯಯನದಲ್ಲಿ ಬಂಧನಗಳ ಇಳಿತ ಕಾರ್ಯಕ್ರಮ ಮುಗಿದ ಮೇಲೆ ಉಳಿಯಲಿಲ್ಲ. ರೂಢಿಗೆ ನಿತ್ಯದ ಸಾಧನೆ ಬೇಕು, ಒಂದು ವರ್ಷದ ಅನುದಾನ ಸಾಲದು.

ಇತ್ತ ಕರ್ನಾಟಕದಲ್ಲಿ 1978ರಿಂದ ‘ಬಾಲ ವಿಜ್ಞಾನ’ ಪತ್ರಿಕೆ, 1993ರಿಂದ ಮಕ್ಕಳ ವಿಜ್ಞಾನ ಸಮಾವೇಶ ಪ್ರಶ್ನೆ ಕೇಳುವ ಮಕ್ಕಳನ್ನು ಬೆಳೆಸುತ್ತ ಬಂದಿವೆ. ಸಮಾವೇಶದ ಮಕ್ಕಳು ಊರಿನದೇ ತೊಂದರೆಯೊಂದನ್ನು ಹಿಡಿದು ಅಳೆದು ನೋಡಬೇಕು. ಇತ್ತೀಚಿನ ದೊಡ್ಡ ಅವಕಾಶ ಗ್ರಾಮ ಪಂಚಾಯಿತಿ ಗ್ರಂಥಾಲಯಗಳದ್ದು. 2020ರ ನವೆಂಬರಿನಲ್ಲಿ ಆರಂಭವಾದ ‘ಓದುವ ಬೆಳಕು’ 6ರಿಂದ 18 ವರ್ಷದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ಕೊಟ್ಟಿತು; ಇಂಥ ಗ್ರಂಥಾಲಯಗಳು ರಾಜ್ಯದಲ್ಲಿ 5,000ಕ್ಕೂ ಹೆಚ್ಚು. ಕಟ್ಟಡವಿದೆ, ಪುಸ್ತಕವಿದೆ, ಹಲವೆಡೆ ಚದುರಂಗದ ಮಣೆಯೂ ಇದೆ. ಮಣೆಯ ಪಕ್ಕ ಕೂತು, ಯಾಕೆ ಆ ಕಾಯಿ ನಡೆಸಿದೆ ಎಂದು ಕೇಳಿ, ಉತ್ತರ ಬರುವವರೆಗೆ ಬಾಯಿ ಮುಚ್ಚಿಕೊಂಡಿರಬಲ್ಲ ಕಾಲೇಜು ಹುಡುಗಿಗೆ ಮಾತ್ರ ಅಲ್ಲಿ ಹುದ್ದೆಯಿಲ್ಲ. ಇರುವವರು ಒಬ್ಬರೇ ಮೇಲ್ವಿಚಾರಕರು. ರಿಜಿಸ್ಟರು ತುಂಬುವುದೂ ಅವರೇ, ಸಂಜೆ ಬೀಗ ಹಾಕುವುದೂ ಅವರೇ.