ಬೇಲೆಗೆ ರಜೆ ಬಂದ ಕಥೆ

1883ರಲ್ಲಿ ಕಾರವಾರದ ಜಿಲ್ಲಾ ನ್ಯಾಯಾಧೀಶರ ಮನೆಗೆ ಬಂಗಾಳದಿಂದ ನೆಂಟರು ಬಂದರು. ನ್ಯಾಯಾಧೀಶರು ಸತ್ಯೇಂದ್ರನಾಥ ಠಾಕೂರರು; ಐ.ಸಿ.ಎಸ್. ಪಾಸಾದ ಮೊದಲ ಭಾರತೀಯ. ಬಂದವರ ಪೈಕಿ ಅವರ ಕಿರಿಯ ತಮ್ಮನೂ ಇದ್ದ. ಇಪ್ಪತ್ತೆರಡರ ಹರೆಯ, ಮದುವೆ ಆಗಿರಲಿಲ್ಲ, ಹೇಳಿಕೊಳ್ಳುವಂಥ ಉದ್ಯೋಗವೂ ಇರಲಿಲ್ಲ. ಹೆಸರು ರವೀಂದ್ರ. ನೌಕರಿಯಲ್ಲಿರುವ ಅಣ್ಣನ ಮನೆಗೆ ಹೋಗಿ ಆರಾಮಾಗಿ ಇದ್ದು ಬರುವುದು ನಮ್ಮ ಕಡೆಯೂ ಇರುವ ಪದ್ಧತಿಯೇ. ಆದರೆ ಕಡಲು ನೋಡುವುದಕ್ಕೆಂದೇ ಬೇಲೆಗೆ, ಅಂದರೆ ಕಡಲ ದಂಡೆಗೆ, ಹೋಗಿ ಕೂರುವುದು, ಅದನ್ನೇ ಒಂದು ರಜೆಯೆಂದು ಎಣಿಸುವುದು ನಮ್ಮೂರಿನವರಿಗೆ ತಿಳಿಯದ ವಿದ್ಯೆ.

ನಾನು ಕೋಡಿಬಾಗದವಳು, ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ ನಿವೃತ್ತಳಾದವಳು. ಕಾಳಿ ನದಿಯ ಅಳಿವೆ ನಮ್ಮ ಮನೆಯಿಂದ ಕೂಗಳತೆ ದೂರ. ಆದರೂ ನನ್ನ ಆಯಿ ಸಮುದ್ರದ ನೀರು ಮುಟ್ಟುತ್ತಿದ್ದದ್ದು ಅಮಾವಾಸ್ಯೆ, ಗ್ರಹಣ, ಇಂಥ ಪರ್ವಗಳಲ್ಲಿ ಮಾತ್ರ. ಉಳಿದ ದಿನಗಳಲ್ಲಿ ಸಮುದ್ರಸ್ನಾನ ಕೂಡದು ಎಂಬುದು ಶಾಸ್ತ್ರ. ಅಶ್ವತ್ಥ ಮರವನ್ನು ಶನಿವಾರ ಬಿಟ್ಟು ಉಳಿದ ದಿನ ಮುಟ್ಟಬಾರದು ಎಂಬ ಹಾಗೆ. ಸಂಜೆ ಹೊತ್ತು ನಾವು ಮಕ್ಕಳು ಬೇಲೆಯಲ್ಲಿ ತಿರುಗಿದರೆ, “ಅಲ್ಲೇನು ಕೆಲಸ ನಿಮಗೆ?” ಎಂದು ಕೇಳುತ್ತಿದ್ದಳು. ಪ್ರಶ್ನೆ ಸರಿಯೇ ಇತ್ತು. ಬೇಲೆಯೆಂದರೆ ಕೆಲಸದ ಜಾಗ. ಬಲೆ ಹರವುವುದು ಅಲ್ಲಿ, ಮೀನು ಒಣಗಿಸುವುದು ಅಲ್ಲಿ, ದೋಣಿಗೆ ಎಣ್ಣೆ ಬಳಿಯುವುದು ಅಲ್ಲಿ. ಹಳೆಯ ಮನೆಗಳು ಎಷ್ಟೋ ಸಮುದ್ರಕ್ಕೆ ಬೆನ್ನು ಹಾಕಿಯೇ ಕೂತಿವೆ. ಉಪ್ಪುಗಾಳಿಗೆ ಎದೆಯೊಡ್ಡಿ ಜಗಲಿ ಕಟ್ಟುವ ಹುಚ್ಚು ಯಾರಿಗೂ ಇರಲಿಲ್ಲ.

ಕುಟುಂಬ ಸಮೇತ ಸಮುದ್ರಕ್ಕೆ ಹೋಗುವ ದಿನ ನಮಗೂ ಒಂದಿತ್ತು. ಬನದ ಹುಣ್ಣಿಮೆಗೆ ಕೂರ್ಮಗಡ ನಡುಗಡ್ಡೆಯಲ್ಲಿ ನರಸಿಂಹ ದೇವರ ಜಾತ್ರೆ. ಆ ದಿನ ಖಾರ್ವಿ, ಹರಿಕಂತ್ರರ ಬೋಟುಗಳಲ್ಲಿ ಅಜ್ಜಿಯಿಂದ ಹಿಡಿದು ಎದೆಹಾಲಿನ ಕೂಸಿನವರೆಗೆ ಎಲ್ಲರೂ ಹತ್ತುತ್ತಿದ್ದರು. ಬಾಳೆಗೊನೆ, ಅವಲಕ್ಕಿ ಪಂಚಕಜ್ಜಾಯ, ಹಣ್ಣುಕಾಯಿ. ಆದರೆ ಅದು ದೇವರ ಕೆಲಸ; ಸಮುದ್ರ ನಡುವೆ ಸಿಗುವ ದಾರಿ, ಅಷ್ಟೆ. ಆ ದಾರಿ ಸುಲಭದ್ದೂ ಅಲ್ಲ: 2019ರ ಜನವರಿ 21ರಂದು ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು.

ಹಾಗಾದರೆ ರಜೆ ಎಲ್ಲಿಂದ ಬಂತು? ಹತ್ತಿಯಿಂದ ಎಂದರೆ ನೀವು ನಗಬಹುದು.

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿ ಸಿಗದಂತಾಯಿತು. ಧಾರವಾಡದ ಕಪ್ಪು ನೆಲದ ಹತ್ತಿಯ ಮೇಲೆ ಎಲ್ಲರ ಕಣ್ಣು ಬಿತ್ತು. ಅದನ್ನು ಹಡಗಿಗೇರಿಸಲು ಹತ್ತಿರದ ಬಂದರು ಕಾರವಾರ. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಕಿತ್ತು ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಮುಂಬಯಿ ವ್ಯಾಪಾರಿಗಳ ಈ ಆಸೆಯೂ ಇತ್ತು. ಅರಬೈಲು ಘಟ್ಟದಲ್ಲಿ ಬಂಡಿ ಇಳಿಯುವಂಥ ರಸ್ತೆಯಾಯಿತು. ಕಾರವಾರ ಜಿಲ್ಲೆಯ ಮುಖ್ಯ ಊರಾಗಿ ಕಚೇರಿಗಳು ಬಂದವು, ಕೋರ್ಟು ಬಂತು, ಬಂಗಲೆಗಳು ಎದ್ದವು. ಎರಡನೆಯ ಮುಂಬಯಿ ಆಗಿಯೇ ಬಿಡುತ್ತದೆ ಎಂಬ ಹಿಗ್ಗು. ಆದರೆ ಹುಬ್ಬಳ್ಳಿಯಿಂದ ರೈಲು ಬರಲಿಲ್ಲ. ಅದು ಹೋದದ್ದು ಪೋರ್ತುಗೀಸರ ಮರ್ಮಗೋವಾಕ್ಕೆ. 1888ರಲ್ಲಿ ಆ ಹಾದಿ ಪೂರ್ತಿಯಾದ ಮೇಲೆ ಹತ್ತಿಯೂ ಅತ್ತಲೇ ಹೋಯಿತು. (ಹುಬ್ಬಳ್ಳಿ–ಅಂಕೋಲಾ ರೈಲಿಗೆ ನಾವು ಇವತ್ತಿಗೂ ಕಾಯುತ್ತಿದ್ದೇವೆ.) ಉಳಿದದ್ದೇನು? ಸಾಹೇಬರ ಬಂಗಲೆಗಳು, ಅಗಲವಾದ ರಸ್ತೆಗಳು, ಗದ್ದಲವಿಲ್ಲದ ಒಂದು ಅರ್ಧಚಂದ್ರಾಕಾರದ ಕೊಲ್ಲಿ. ದೊಡ್ಡ ಬಂದರಾಗಿದ್ದರೆ ಠಾಕೂರರ ಮನೆಯವರು ಅಲ್ಲಿ ತಿರುಗಾಡಲು ಬರುತ್ತಿದ್ದರೇ? ಹತ್ತಿಯ ಮೂಟೆ, ಕೂಲಿಗಳ ಕೂಗಾಟದ ನಡುವೆ ಯಾರು ಕವಿತೆ ಬರೆಯುತ್ತಾರೆ?

ಇನ್ನೊಂದು ಸಂಗತಿ. ರವೀಂದ್ರರು ‘ಜೀವನ್‌ಸ್ಮೃತಿ’ಯಲ್ಲಿ ಕಾರವಾರಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟಿದ್ದಾರೆ. ಮರಳದಂಡೆಯ ಉದ್ದಕ್ಕೂ ಇದ್ದ ಗಾಳಿಮರಗಳ ಸಾಲು ಅದರಲ್ಲಿದೆ. ಈಗಲೂ ನಮ್ಮ ಬೇಲೆಯ ಫೋಟೋ ತೆಗೆದವರೆಲ್ಲ ಮೊದಲು ಹಿಡಿಯುವುದು ಅದನ್ನೇ. ಆದರೆ ಆ ಮರ ಈ ನೆಲದ್ದಲ್ಲ. ಆಗ್ನೇಯ ಏಷ್ಯಾ, ಆಸ್ಟ್ರೇಲಿಯಗಳ ಕರಾವಳಿಯದು. ಸೌದೆಗಾಗಿ 1860ರ ದಶಕದ ಕೊನೆಯಲ್ಲಿ ಕಾರವಾರದ ಕಡೆ ನೆಡಿಸಿದ್ದು. ಕವಿ ಕಂಡಾಗ ಆ ತೋಪಿಗೆ ಹೆಚ್ಚೆಂದರೆ ಹದಿನೈದು ವರ್ಷ. ಅನಾದಿಕಾಲದ ಪ್ರಕೃತಿ ಎಂದು ಪ್ರವಾಸಿಗರು ಮೆಚ್ಚುವುದು ಸರಕಾರದ ಸೌದೆ ತೋಪನ್ನು.

ಆ ಅಧ್ಯಾಯದಲ್ಲಿ ನನಗೆ ಇಷ್ಟವಾದದ್ದು ಬೆಳದಿಂಗಳ ದೋಣಿಯಾನ. ಒಂದು ರಾತ್ರಿ ಅವರೆಲ್ಲ ಸಣ್ಣ ದೋಣಿ ಹತ್ತಿ ಕಾಳಿಯ ಮೇಲ್ಮುಖವಾಗಿ ಹೊರಟರು. ಶಿವಾಜಿಯದೆಂದು ಹೇಳುವ ಗುಡ್ಡದ ಕೋಟೆಯ ಹತ್ತಿರ ಇಳಿದು, ರೈತನೊಬ್ಬನ ಮನೆಯ ಗುಡಿಸಿ ಸಾರಿಸಿದ ಅಂಗಳದಲ್ಲಿ ಕೂತು, ತಾವು ತಂದ ಬುತ್ತಿ ಬಿಚ್ಚಿ ಉಂಡರು. ಮರಳುವಾಗ ದೋಣಿಯನ್ನು ಹೊಳೆಯ ಸೆಳವಿಗೆ ಬಿಟ್ಟರು. ಅಳಿವೆ ತಲುಪುವಾಗ ಬಹಳ ಹೊತ್ತಾಗಿತ್ತು. ಅಲ್ಲೇ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದರು. ‘ಪ್ರಕೃತಿರ್ ಪ್ರತಿಶೋಧ್’ ನಾಟಕ ಹುಟ್ಟಿದ್ದು ಕಾರವಾರದಲ್ಲೇ. ಅದರ ಕೆಲವು ಹಾಡುಗಳು ಮರಳುವ ಹಡಗಿನಲ್ಲಿ. ಅದೇ ವರ್ಷದ ಡಿಸೆಂಬರ್ 9ರಂದು ಅವರ ಮದುವೆ. ಆ ಅಂಗಳದ ಮನೆಯವರು ಏನೆಂದುಕೊಂಡರೋ ಯಾರೂ ಬರೆದಿಡಲಿಲ್ಲ. ಸರಹೊತ್ತಿನಲ್ಲಿ ಅಪರಿಚಿತರು ಬಂದು ಅಂಗಳದಲ್ಲಿ ಊಟಕ್ಕೆ ಕೂತರೆ ನಮ್ಮ ಕಡೆಯವರು ಉಪ್ಪಿನಕಾಯಿಯಾದರೂ ತಂದಿಟ್ಟಿರಬೇಕು ಎಂದು ನನ್ನ ಊಹೆ.

ಅದರ ಆಚೆಗೂ ಬಹುಕಾಲ ಬೇಲೆ ಬೇಲೆಯಾಗಿಯೇ ಇತ್ತು. ನಾನು ಚಿಕ್ಕವಳಿದ್ದಾಗ ರಂಪಣಿ ಬಲೆ ಎಳೆಯುವುದನ್ನು ಕಂಡಿದ್ದೇನೆ. ದೋಣಿ ಬಲೆಯನ್ನು ಅರ್ಧ ವೃತ್ತವಾಗಿ ನೀರಿಗೆ ಬಿಟ್ಟು ಬರುತ್ತದೆ. ಎರಡೂ ತುದಿಯ ಹಗ್ಗ ದಡದಲ್ಲಿ. ಕೇರಿಯ ಗಂಡಸರೆಲ್ಲ ಎರಡು ಸಾಲಾಗಿ ಹಿಡಿದು, ಹೋಯ್ ಹೋಯ್ ಎನ್ನುತ್ತ ಎಳೆಯಬೇಕು. ಬಂಗಡೆ, ತಾರ್ಲೆ ಬೆಳ್ಳಿಯ ರಾಶಿಯಾಗಿ ಮರಳಿಗೆ ಬೀಳುವುದು. ಎಳೆದವರಿಗೆಲ್ಲ ಪಾಲು. ವಿಧವೆಯರ ಬುಟ್ಟಿಗೂ ಒಂದಿಷ್ಟು ಬೀಳುತ್ತಿತ್ತು. 1970ರ ದಶಕದಲ್ಲಿ ಪರ್ಸೀನ್ ಬೋಟುಗಳು ಬಂದು, ಮೀನಿನ ಹಿಂಡು ದಡಕ್ಕೆ ಬರುವ ಮೊದಲೇ ಆಳದಲ್ಲಿ ಸುತ್ತುಗಟ್ಟತೊಡಗಿದವು. ರಂಪಣಿ ನಿಂತಿತು. ಸಣ್ಣ ಕೈರಂಪಣಿ ಅಲ್ಲಲ್ಲಿ ಉಳಿಯಿತು. ಮೀನು ಬೇಲೆಗೆ ಬರುವ ಬದಲು ಬೈತಖೋಲ ಬಂದರಕ್ಕೆ ಬರತೊಡಗಿತು. ಮೈಲುಗಟ್ಟಲೆ ಮರಳು ಖಾಲಿ ಬಿತ್ತು.

ಖಾಲಿ ಜಾಗಕ್ಕೆ ಗಿರಾಕಿ ತಯಾರಿದ್ದ. ಪಕ್ಕದ ಗೋವಾದಲ್ಲಿ ಅಗುವಾದಾ ಕೋಟೆಯ ಬಳಿ ತಾಜ್‌ನವರ ಹೋಟೆಲು 1974ರಲ್ಲೇ ತೆರೆದಿತ್ತು. 1983ರಲ್ಲಿ, ಠಾಕೂರರು ಕಾರವಾರಕ್ಕೆ ಬಂದ ಸರಿಯಾಗಿ ನೂರು ವರ್ಷಕ್ಕೆ, ಕಾಮನ್‌ವೆಲ್ತ್ ದೇಶಗಳ ನಾಯಕರು ದಿಲ್ಲಿಯ ಸಭೆಯ ನಡುವೆ ವಿಶ್ರಾಂತಿಗೆಂದು ಗೋವಾದ ಕಡಲ ದಂಡೆಗೇ ಬಂದರು. ನಮ್ಮಲ್ಲಿ ಎಲ್ಲ ನಿಧಾನ. ನನ್ನ ತಂದೆ ಕಾಳಿಯ ತಾರಿಯಲ್ಲಿ ಟಿಕೆಟು ಹರಿಯುತ್ತಿದ್ದವರು. 1980ರ ದಶಕದಲ್ಲಿ ಸೇತುವೆಯಾಗಿ ಆ ಕೆಲಸವೂ ಹೋಯಿತು. (ಆ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ಕುಸಿದು ಹೊಳೆಗೆ ಬಿತ್ತು.) 1998ರಲ್ಲಿ ಕೊಂಕಣ ರೈಲು ಬಂತು. ಅರಗಾ ಕಡೆಯ ಬೇಲೆಗಳನ್ನು ನೌಕಾನೆಲೆ ತೆಗೆದುಕೊಂಡಿತು, 2005ರಲ್ಲಿ ಐ.ಎನ್.ಎಸ್. ಕದಂಬ ಶುರುವಾಯಿತು. ಸರಕಾರದ ಜಂಗಲ್ ಲಾಡ್ಜಸ್ ದೇವಬಾಗದಲ್ಲಿ ಅದೇ ಗಾಳಿಮರಗಳ ನೆರಳಿನಲ್ಲಿ ಕುಟೀರಗಳನ್ನು ಮಾಡಿತು. ಖಾಸಗಿಯವರೂ ಬಂದರು. ಬೇಲೆಯಿಂದ ಒಂದೊಂದು ಕೆಲಸ ಎದ್ದು ಹೋದಾಗಲೂ ಆ ಜಾಗದಲ್ಲಿ ರಜೆ ಬಂದು ಕೂತಿದೆ. ನಮ್ಮ ಕರಾವಳಿಯ ಪ್ರವಾಸೋದ್ಯಮದ ಇತಿಹಾಸ ನನಗೆ ಕಾಣುವುದು ಹೀಗೆ.

ರಜೆಯ ಮೇಲೆ ನನಗೆ ಸಿಟ್ಟಿಲ್ಲ. ಬೆಂಗಳೂರಿನಲ್ಲಿರುವ ಮಗ, ಸೊಸೆ ಡಿಸೆಂಬರಿನಲ್ಲಿ ಬಂದಾಗ ನನ್ನನ್ನೂ ಒಂದು ರಿಸಾರ್ಟಿಗೆ ಎಳೆದುಕೊಂಡು ಹೋದರು. ಹುಟ್ಟಿದೂರಿನಲ್ಲೇ ನಾನು ಅತಿಥಿ! ಬಾಗಿಲಲ್ಲಿ ಎಳನೀರು ಕೊಟ್ಟರು. ಬೆಳಗ್ಗೆ ಇಡ್ಲಿ, ಪೂರಿಗಳ ಜೊತೆ ಕೊಂಚ ಸಪ್ಪೆಯಾದ ಬನ್ಸ್. ಮೊಮ್ಮಗಳು ಕಿತ್ತಳೆ ಬಣ್ಣದ ಜಾಕೀಟು ತೊಟ್ಟು ಬನಾನಾ ಬೋಟು ಹತ್ತಿದಳು, ಬಿದ್ದಳು, ಮತ್ತೆ ಹತ್ತಿದಳು. ಮಧ್ಯಾಹ್ನ ಇಸ್ವಾಣ ಫ್ರೈ, ಸೋಲ್ಕಡಿ. ಸಂಜೆ ಮಗ ಪ್ಯಾಂಟು ಮಡಚಿ ನೀರಿಗಿಳಿದು, “ಅಮ್ಮ, ನೀನೂ ಬಾ” ಎಂದ. ತಿಥಿ ಯಾವುದೆಂದು ಒಂದು ಕ್ಷಣ ಎಣಿಸಿ, ಆಮೇಲೆ ಇಳಿದೆ. ತೆರೆ ಕಾಲಡಿಯ ಮರಳನ್ನು ಎಳೆದುಕೊಂಡು ಹೋಗುವ ಸುಖವನ್ನು ಆಯಿ ತನ್ನ ಅಮಾವಾಸ್ಯೆಗಳಲ್ಲಿ ಕಂಡೇ ಇದ್ದಳು. ನಮ್ಮ ಹತ್ತಿರ ಬಾಯಿಬಿಟ್ಟಿರಲಿಲ್ಲ, ಅಷ್ಟೆ.

ನನ್ನ ತಕರಾರು ಬೇಲಿಯದು. ನಮ್ಮ ಮನೆಗೆ ಮೀನು ತರುವ ಹೆಂಗಸು ಹೇಳಿದ ಮಾತು. ಊರು ಬೇಡ, ರಿಸಾರ್ಟಿನ ಹೆಸರೂ ಬೇಡ. “ಅಕ್ಕೋರೇ, ನಾವು ಸಣ್ಣಿಂದ ಬೇಲೆಗೆ ಹೋಗೂ ದಾರಿ ಅದು. ಈಗ ಗೇಟು ಹಾಕಿ ಒಬ್ಬ ವಾಚಮನ್‌ನ ಕೂರ್ಸಿದ್ದಾರೆ. ಬುಟ್ಟಿ ಹೊತ್ಕಂಡು ಸುತ್ತು ಹಾಕಿ ಹೋಗ್ಬೇಕು.” 2020ರ ಜನವರಿಯಲ್ಲಿ ಬಂದರು ವಿಸ್ತರಣೆಗೆಂದು ಟಾಗೋರ್ ಬೀಚಿನಲ್ಲಿ ತಡೆಗೋಡೆಯ ಕೆಲಸ ಶುರುವಾದಾಗ ಇಂಥ ಹೆಂಗಸರೇ ಬೀದಿಗಿಳಿದರು, ಕಾರವಾರ ಬಂದ್ ಆಯಿತು. ಸಂಜೆ ತಿರುಗಾಟಕ್ಕೆ ಹೋಗುವ ನಮ್ಮಂಥವರೂ ಆಗ ಅವರ ಜೊತೆಗಿದ್ದೆವು. ರಿಸಾರ್ಟಿನ ಗೇಟಿಗೆ ಮಾತ್ರ ಯಾರೂ ಬಂದ್ ಮಾಡುವುದಿಲ್ಲ.

ಕಾನೂನು ಇದೆ. 1991ರ ಫೆಬ್ರವರಿ 19ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಭರತರೇಖೆಯಿಂದ 500 ಮೀಟರಿನವರೆಗಿನ ನೆಲಕ್ಕೆ ಕಟ್ಟುಪಾಡು ಹಾಕಿತು. ಜನ ಬೇಲೆಗೆ ಹೋಗಲೆಂದು ಎರಡು ರಿಸಾರ್ಟುಗಳ ನಡುವೆ ಕನಿಷ್ಠ 20 ಮೀಟರ್ ಅಗಲದ ಜಾಗ ಬಿಡಬೇಕು, ಬೇಲಿ ಯಾರ ದಾರಿಗೂ ಅಡ್ಡ ಬರಬಾರದು ಎಂದು ಅದರಲ್ಲೇ ಬರೆದಿತ್ತು. ಈ ಸಲ ರಜೆಗೆ ಮಕ್ಕಳನ್ನು ಕಟ್ಟಿಕೊಂಡು ಕರಾವಳಿಗೆ ಬಂದಾಗ, ರೂಮಿನ ಬೀಗದ ಕೈ ತೆಗೆದುಕೊಳ್ಳುವ ಮೊದಲು ಕೌಂಟರಿನಲ್ಲಿ ಒಂದು ಮಾತು ಕೇಳಿ: ಊರಿನವರು ಬೇಲೆಗೆ ಹೋಗುವ ದಾರಿ ಯಾವುದು? ತೋರಿಸಿದರೆ ನೀವೂ ಅದೇ ದಾರಿಯಲ್ಲಿ ನಡೆದು ಹೋಗಿ.