ಸತ್ತೇಗಾಲದ ಕಲ್ಲುಸೇತುವೆ

ಶಿವನಸಮುದ್ರದಲ್ಲಿ ಕಾವೇರಿ ಎರಡು ಕವಲಾಗಿ ಗಗನಚುಕ್ಕಿ, ಭರಚುಕ್ಕಿಗಳೆಂದು ಧುಮುಕುವುದನ್ನು ನೋಡಲು ಬರುವವರು ಅಸಂಖ್ಯರು. ಆ ಕವಲುಗಳನ್ನು ದಾಟಲು ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಕಟ್ಟಿದ ಕಲ್ಲುಸೇತುವೆಗಳ ಮುಂದೆ ನಿಲ್ಲುವವರು ವಿರಳ. ಅವುಗಳಲ್ಲಿ ಸತ್ತೇಗಾಲದ ಕಡೆಯದು ಜನರ ಬಾಯಲ್ಲಿ ವೆಸ್ಲಿ ಸೇತುವೆ. 2018ರ ಆಗಸ್ಟ್ ತಿಂಗಳ ಮಹಾಪೂರದಲ್ಲಿ ಅದರ ಒಂದು ಭಾಗ ಕೊಚ್ಚಿಹೋಯಿತು.

ಇದನ್ನು ಕಟ್ಟಿಸಿದವರು ಮೈಸೂರು ರೆಸಿಡೆನ್ಸಿಯ ಸೇವೆಯಲ್ಲಿದ್ದ ರಾಮಸ್ವಾಮಿ ಮೊದಲಿಯಾರ್. ಈ ಕಾರ್ಯಕ್ಕಾಗಿ ಅವರಿಗೆ ಜಹಗೀರೂ ‘ಜನೋಪಕಾರ ಕಾಮಕರ್ತ’ ಎಂಬ ಬಿರುದೂ ಸಂದವು. ಜೈನ ಪರಿಭಾಷೆಯಲ್ಲಿ ‘ತೀರ್ಥ’ವೆಂದರೆ ಮೂಲತಃ ದಾಟುವ ಎಡೆ, ಅದನ್ನು ನಿರ್ಮಿಸುವವನೇ ತೀರ್ಥಂಕರ. ಅಲ್ಲಿ ದಾಟಬೇಕಾದುದು ಸಂಸಾರಸಾಗರ, ಇಲ್ಲಿ ಬರಿಯ ಹೊಳೆ. ಆದರೂ ದಾಟಿಸುವುದನ್ನು ಉಪಕಾರವೆಂದು ಎಣಿಸಿದ ಆ ಬಿರುದು ನನಗೆ ಪ್ರಿಯವಾದುದು. ಕೊಳ್ಳೇಗಾಲ ಆಗ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಮೈಸೂರಿಗೆ ಬಂದುದು 1956ರಲ್ಲಿ. ಹೀಗಾಗಿ ಈ ದಾರಿ ಎರಡು ಆಡಳಿತಗಳ ನಡುವಣ ದಾರಿಯೂ ಹೌದು.

ಸೇತುವೆಯ ನಿಜವಾದ ಬೆಲೆ ಅದರ ಕಟ್ಟೋಣದಲ್ಲಿದೆ. ಇಲ್ಲಿ ಕಮಾನು ಇಲ್ಲ. ನದಿಯ ಹಾಸುಬಂಡೆಯ ಮೇಲೆ ಕಂಬಗಳ ಸಾಲು, ಕಂಬಗಳ ಮೇಲೆ ಕಲ್ಲಿನ ತೊಲೆ, ಅದರ ಮೇಲೆ ಹಾಸು. ಇದು ನಮ್ಮ ದೇಗುಲದ ಮಂಟಪದ ರೀತಿಯೇ. ಒಳಗೆ ದೇವರಿಲ್ಲ, ಕೆಳಗೆ ನೀರಿದೆ, ಅಷ್ಟೆ. ಪೂರ್ಣಯ್ಯನವರ ಕಾಲದಲ್ಲಿ, 1804ರಲ್ಲಿ, ಶ್ರೀರಂಗಪಟ್ಟಣದಲ್ಲಿ ಮುಗಿದ ವೆಲ್ಲೆಸ್ಲಿ ಸೇತುವೆಯೂ ಇದೇ ಬಗೆಯದು. ಹೆಸರು ಆಂಗ್ಲರದು, ಕೈಚಳಕ ಮಾತ್ರ ಈ ನೆಲದ ಕಲ್ಲುಕುಟಿಗರದು.

ಕಲ್ಲು ಭಾರವನ್ನು ಹೊರಬಲ್ಲುದು, ಬಾಗಲಾರದು. ಆದ್ದರಿಂದ ತೊಲೆ ಗಿಡ್ಡವಾಗಿರಬೇಕು, ಕಂಬಗಳು ಒತ್ತೊತ್ತಾಗಿರಬೇಕು. ಒತ್ತಾದ ಕಂಬಗಳು ಪ್ರವಾಹಕ್ಕೆ ಅಡ್ಡವಾಗುತ್ತವೆ. ತೇಲಿಬಂದ ಮರಗಳು ಅವುಗಳ ನಡುವೆ ಸಿಕ್ಕಿಕೊಂಡರೆ ನೀರಿನ ಒತ್ತಡ ಇಮ್ಮಡಿಸುತ್ತದೆ. ಇದು ಈ ರೀತಿಯ ದೌರ್ಬಲ್ಯ. ಆದರೆ ಕಮಾನಿನ ಸೇತುವೆಯಲ್ಲಿ ಒಂದು ಕಮಾನು ಕುಸಿದರೆ ನೆರೆಯದಕ್ಕೂ ಅಪಾಯ. ಇಲ್ಲಿ ಕಂಬವೊಂದು ಬಿದ್ದರೆ ಅದರ ಮೇಲಿನ ತೊಲೆಗಳಷ್ಟೇ ಬೀಳುತ್ತವೆ, ಉಳಿದುದು ನಿಂತಿರುತ್ತದೆ. ಬಿದ್ದ ಕಡೆ ಅದೇ ಅಳತೆಯ ಕಲ್ಲನ್ನು ಮತ್ತೆ ನಿಲ್ಲಿಸಬಹುದು.

ಇದನ್ನು ಅರಿಯದೆ, ಅಥವಾ ಅರಿತೂ ಅವಸರಕ್ಕೆ ಸಿಕ್ಕು, ಇಂಥ ಸೇತುವೆಗಳ ಬಿರುಕಿಗೆ ಸಿಮೆಂಟು ತುಂಬುವುದನ್ನು ಜೀರ್ಣೋದ್ಧಾರವೆಂದು ಕರೆಯುವ ರೂಢಿ ನಮ್ಮಲ್ಲಿದೆ. ಬಿಡಿ ಕಲ್ಲುಗಳಾಗಿ ನಿಂತುದನ್ನು ಒಂದೇ ಗಟ್ಟಿಯಾಗಿಸಿದರೆ ಮುಂದಿನ ಪೂರಕ್ಕೆ ಹೋಗುವುದು ಒಂದು ಕಂಬವಲ್ಲ, ಇಡೀ ತುಂಡು. ವಾಹನಗಳಿಗೆ ಬೇರೆ ಹೊಸ ಸೇತುವೆ ಇರುವೆಡೆ ಹಳೆಯದನ್ನು ಭಾರಕ್ಕೆ ಒಡ್ಡುವ ಅಗತ್ಯವೂ ಇಲ್ಲ. ಮೊದಲು ಆಗಬೇಕಾದುದು ಇಷ್ಟು: ಬೇಸಿಗೆಯಲ್ಲಿ ಹೊಳೆ ಬತ್ತಿದಾಗ ಪಾತ್ರದಲ್ಲಿ ಸಿಕ್ಕುವ ಕಂಬ, ತೊಲೆಗಳನ್ನು ಯಾರದೋ ಮನೆಯ ತಳಪಾಯ ಸೇರುವ ಮುನ್ನವೇ ಎಣಿಸಿ, ಅಳೆದು, ಗುರುತು ಹಾಕಿ ದಡಕ್ಕೆ ತರುವುದು.